ಅಲ್ಪವಿರಾಮದ ತಪ್ಪನ್ನೂ ತಿದ್ದಬೇಕೇ?

ಪ್ರಶ್ನೆ: ವಾಣಿಜ್ಯ ಪ್ರಬಂಧದಲ್ಲಿ ವಿಷಯ ಸರಿಯಿದ್ದರೆ ಸಾಲದೇ? ಅಲ್ಪವಿರಾಮ, ವ್ಯಾಕರಣದ ತಪ್ಪುಗಳನ್ನೂ ಮೇಷ್ಟ್ರು ತಿದ್ದಬೇಕೇ?

ಉತ್ತರ: ತಿದ್ದಲೇಬೇಕು. ಅಮೆರಿಕದ ಮೇನ್ ರಾಜ್ಯದಲ್ಲಿ ಓಕ್‌ಹರ್ಸ್ಟ್ ಡೈರಿಯ ಚಾಲಕರು ಓವರ್‌ಟೈಮ್ ಹಣಕ್ಕಾಗಿ ದಾವೆ ಹೂಡಿದರು. ಓವರ್‌ಟೈಮ್ ಸಿಗದ ಕೆಲಸಗಳನ್ನು ಹೇಳುವ ಕಾನೂನಿನ ಪಟ್ಟಿಯಲ್ಲಿ ಕೊನೆಯ ‘ಅಥವಾ’ಕ್ಕೆ ಮೊದಲು ಅಲ್ಪವಿರಾಮ ಇರಲಿಲ್ಲ. ಹಾಗಾಗಿ ವಿತರಣೆಯೂ ಆ ಪಟ್ಟಿಗೆ ಸೇರುತ್ತದೆಯೋ, ವಿತರಣೆಗಾಗಿ ಮಾಡುವ ಪ್ಯಾಕಿಂಗ್ ಮಾತ್ರವೋ ಎಂಬುದು ಸ್ಪಷ್ಟವಾಗಲಿಲ್ಲ. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಚಾಲಕರ ವಾದವನ್ನು ಒಪ್ಪಿತು. 2018ರಲ್ಲಿ ಕಂಪನಿ 50 ಲಕ್ಷ ಡಾಲರ್‌ಗೆ ರಾಜಿಯಾಯಿತು.

ಕನ್ನಡದಲ್ಲೂ ಅಷ್ಟೆ. ‘ಮಾರಾಟ, ಲಾಭ ಎರಡೂ ಏರಿತು’ ಎಂದಿದ್ದರೆ ‘ಏರಿದವು’ ಎಂದು ತಿದ್ದಿ, ಕರ್ತೃ ಬಹುವಚನವೆಂದು ಅಂಚಿನಲ್ಲಿ ಬರೆಯಿರಿ. ಬರೀ ಕೆಂಪು ಗೆರೆ ಎಳೆದರೆ ವಿದ್ಯಾರ್ಥಿ ಕಲಿಯುವುದಿಲ್ಲ. ಕಾರಣ ತಿಳಿದರೆ ಕಲಿಯುತ್ತಾನೆ.