ಆನ್‌ಲೈನ್ ಗೋಷ್ಠಿ: ಯಾವ ಹೊಣೆ ಯಾರದು?

2020ರ ಲಾಕ್‌ಡೌನ್‌ನಿಂದೀಚೆಗೆ ಓದುಗರ ಬಳಗಗಳೂ ಹೊರದೇಶದ ಕನ್ನಡ ಕೂಟಗಳೂ ಜೂಮ್‌ನಲ್ಲಿ ಗೋಷ್ಠಿ ನಡೆಸುವುದು ರೂಢಿಯಾಗಿದೆ. ಮಾತಾಡುವವರನ್ನು ಒಪ್ಪಿಸಲು ವಾರಗಟ್ಟಲೆ ಶ್ರಮಪಡುವ ಸಂಘಟಕರು ಉಳಿದ ಹೊಣೆಗಳನ್ನು ಹಂಚುವುದನ್ನೇ ಮರೆಯುತ್ತಾರೆ.

ತಪ್ಪು ಕಲ್ಪನೆ: ಗೋಷ್ಠಿ ನಡೆಸಿಕೊಡುವವರೇ ಎಲ್ಲವನ್ನೂ ನೋಡಿಕೊಳ್ಳುತ್ತಾರೆ.

ವಾಸ್ತವ: ಹೆಚ್ಚಿನ ಗೋಷ್ಠಿಗಳು ಕೆಡುವುದು ಇಲ್ಲೇ. ನಡೆಸಿಕೊಡುವವರ ಕೆಲಸ ಕಿವಿಗೊಟ್ಟು ಕೇಳುವುದು, ಒಬ್ಬರ ಮಾತಿನ ಎಳೆ ಹಿಡಿದು ಇನ್ನೊಬ್ಬರನ್ನು ಪ್ರಶ್ನಿಸುವುದು. ಅದೇ ಹೊತ್ತಿಗೆ ವೇಟಿಂಗ್ ರೂಮಿನಲ್ಲಿ ನಾಲ್ಕು ಜನ ಕಾಯುತ್ತಿರುತ್ತಾರೆ, ಯಾರದೋ ಮನೆಯ ಕುಕ್ಕರ್ ಕೂಗುತ್ತದೆ, ‘ಸರ್, ಏನೂ ಕೇಳಿಸ್ತಿಲ್ಲ’ ಎಂದು ಚಾಟ್‌ನಲ್ಲಿ ಬರುತ್ತದೆ. ಇದನ್ನೆಲ್ಲ ಒಬ್ಬರ ತಲೆಗೇ ಕಟ್ಟಿದರೆ ಅವರು ಗೋಷ್ಠಿಯನ್ನು ಕೇಳುವುದು ಯಾವಾಗ? ಒಳಗೆ ಬಿಡುವುದು, ಮ್ಯೂಟ್ ಮಾಡುವುದು ಒಬ್ಬ ಕೋ-ಹೋಸ್ಟ್ ಪಾಲಿಗಿರಲಿ. ಹೋಸ್ಟ್ ಮನೆಯಲ್ಲಿ ಕರೆಂಟ್ ಹೋದರೂ ಸಭೆ ಕೋ-ಹೋಸ್ಟ್ ಕೈಯಲ್ಲಿ ಮುಂದುವರಿಯುತ್ತದೆ. ಚಾಟ್‌ಗೆ ಮತ್ತೊಬ್ಬರು ಬೇಕು. ಒಂದೇ ಅರ್ಥದ ಮೂರು ಪ್ರಶ್ನೆಗಳನ್ನು ಒಂದಾಗಿಸಿ, ಕೇಳಿದವರ ಹೆಸರು ಸಹಿತ ದಾಟಿಸುವುದಕ್ಕೆ ವಿಷಯ ಬಲ್ಲವರೇ ಆಗಬೇಕು. ಅದನ್ನು ಬಿಡುವಾಗಿರುವ ಯಾರಿಗೋ ವಹಿಸುವುದು ಸರಿಯಲ್ಲ.

ತಪ್ಪು ಕಲ್ಪನೆ: ಹಿರಿಯರ ಮಾತನ್ನು ತಡೆಯುವುದು ಅಗೌರವ.

ವಾಸ್ತವ: ಪ್ರಶ್ನೆ ಬರೆದುಕೊಂಡು ಕಾದ ಕೇಳುಗರಿಗೂ ಗೌರವ ಸಲ್ಲಬೇಕಲ್ಲ. ಜೂಮ್‌ನ ಉಚಿತ ಖಾತೆಯಲ್ಲಿ 40 ನಿಮಿಷಕ್ಕೆ ಸಭೆ ಮುಗಿಯುತ್ತದೆ; ಮೂವರು ತಲಾ 13 ನಿಮಿಷ ತೆಗೆದುಕೊಂಡರೆ ಚರ್ಚೆಗೆ ಜಾಗವೇ ಇಲ್ಲ. ವೇದಿಕೆಯಲ್ಲಾದರೆ ಚೀಟಿ ಕೊಡಬಹುದು. ಇಲ್ಲಿ ಮಾತಾಡುತ್ತಿರುವವರು ಚಾಟ್ ನೋಡುವುದಿಲ್ಲ. ಹಾಗಾಗಿ ಸಮಯಪಾಲಕರೊಬ್ಬರನ್ನು ನೇಮಿಸಿ, ‘ಎರಡು ನಿಮಿಷ ಉಳಿದಾಗ ಇವರು ಬಾಯಿಬಿಟ್ಟೇ ಹೇಳುತ್ತಾರೆ’ ಎಂದು ಮೊದಲೇ ತಿಳಿಸಿ. ಒಪ್ಪಿಕೊಂಡ ಮೇಲೆ ಯಾರೂ ಬೇಸರಿಸುವುದಿಲ್ಲ.

ತಪ್ಪು ಕಲ್ಪನೆ: ಆಹ್ವಾನದಲ್ಲಿ ‘ಭಾನುವಾರ ಬೆಳಿಗ್ಗೆ 8.30’ ಎಂದರೆ ಸಾಕು.

ವಾಸ್ತವ: ಬೆಂಗಳೂರಿನ ಆ ಹೊತ್ತು ಕ್ಯಾಲಿಫೋರ್ನಿಯಾದಲ್ಲಿ ಶನಿವಾರ ರಾತ್ರಿ 8. ಅದೂ ಬೇಸಿಗೆಯಲ್ಲಿ; ನವೆಂಬರ್‌ನಲ್ಲಿ ಅಲ್ಲಿ ಗಡಿಯಾರ ಹಿಂದಿಟ್ಟ ಮೇಲೆ 7. ಊರೂರಿನ ವಾರ, ತಾರೀಕು, ಗಂಟೆ ಬರೆದು ಕಳಿಸುವುದು ಒಬ್ಬರ ಹೊಣೆಯಾಗಬೇಕು.

ತಪ್ಪು ಕಲ್ಪನೆ: ಎಲ್ಲರೂ ಅನುಭವಸ್ಥರು, ತಾಲೀಮು ಬೇಡ.

ವಾಸ್ತವ: ಮಾತಾಡಲು ಬೇಡ, ಯಂತ್ರಕ್ಕೆ ಬೇಕು. ಅಂದು ಕೂರುವ ಜಾಗದಿಂದಲೇ, ಅದೇ ಫೋನಿನಲ್ಲೇ ಹಿಂದಿನ ದಿನ ಹತ್ತು ನಿಮಿಷ ಸೇರಿ. ರೆಕಾರ್ಡಿಂಗ್ ಯಾರು ಒತ್ತಬೇಕು ಎಂಬುದನ್ನೂ ಅಲ್ಲೇ ಹೆಸರು ಹಿಡಿದು ಗೊತ್ತುಮಾಡಿ.