ಬಿದ್ದವನಿಗೆ ನಿಜಕ್ಕೂ ನೋವಾಗಿದೆಯೇ?

ಆಳಂದ, ಅಫಜಲಪುರ, ಜೇವರ್ಗಿ ಕಡೆ ಮಕ್ಕಳಿಗೆ ಪಾಠ ಹೇಳಲು ಕರಾವಳಿಯಿಂದ ಬಂದ ನಮಗೆ ಅಸರ್ ನಮಾಝ್ ಆದ ಮೇಲೆ ಮೈದಾನವೇ ಮನೆ. ತೊಗರಿ ಬೆಳೆಯುವ ಈ ಎರೆಮಣ್ಣಿನ ಸೀಮೆಯಲ್ಲಿ ಕ್ರಿಕೆಟ್ಟೇ ಜಾಸ್ತಿ. ಆದರೂ ಊರಿಂದ ಬರುವಾಗ ಒಂದು ಫುಟ್‌ಬಾಲ್ ತಂದಿದ್ದೆವು, ಈಗ ಮಕ್ಕಳಿಗೆ ಅದರದ್ದೇ ಹುಚ್ಚು.

ಒಂದು ಸಂಜೆ ಒಂದು ಗೋಲಿನಿಂದ ಮುಂದಿದ್ದ ತಂಡದ ಹುಡುಗರು, ಮಗ್ರಿಬ್ ಬಾಂಗ್ ಆಗುವವರೆಗೆ ಹೊತ್ತು ಕಳೆಯಲು ಒಬ್ಬರ ಹಿಂದೆ ಒಬ್ಬರು ಕಾಲು ಹಿಡಿದುಕೊಂಡು ಬೀಳತೊಡಗಿದರು. ಮೂರನೆಯವನು ಬಿದ್ದಾಗ ಎದುರಿನವರು, "ಉಸ್ತಾದರ, ಅಂವ ನಾಟಕ ಮಾಡ್ಲಕತ್ತಾನ್ರಿ" ಅಂದರು. ನಾವೂ ನಂಬಿ, ಆಟ ನಿಲ್ಲಿಸಲಿಲ್ಲ. ಅವನ ಮಣಿಕಟ್ಟು ಮುರಿದಿತ್ತು.

ಮಕ್ಕಳು ಇದನ್ನು ಕಲಿಯುವುದು ದೊಡ್ಡವರಿಂದಲೇ. 2002ರ ವಿಶ್ವಕಪ್‌ನಲ್ಲಿ ಟರ್ಕಿ ಆಟಗಾರ ಒದ್ದ ಚೆಂಡು ಬ್ರೆಝಿಲ್‌ನ ರಿವಾಲ್ಡೊ ಅವರ ಕಾಲಿಗೆ ತಾಗಿತು. ಅವರು ಮುಖ ಹಿಡಿದುಕೊಂಡು ಬಿದ್ದರು. ಟರ್ಕಿ ಆಟಗಾರ ಮೈದಾನ ಬಿಟ್ಟು ಹೋಗಬೇಕಾಯಿತು. ರಿವಾಲ್ಡೊಗೆ ದಂಡ ಬಿದ್ದದ್ದು ಆಮೇಲೆ. ಬ್ರೆಝಿಲ್ ಕಪ್ ಗೆದ್ದಿತು.

ನಿಯಮ ಮಾಡುವವರು ಸುಮ್ಮನೆ ಕೂತಿಲ್ಲ. ತನ್ನ ತಂಡದವನು ಬೇಕೆಂದೇ ಕಾಲಿನಿಂದ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿಯಬಾರದು ಎಂಬ ನಿಯಮ 1992ರಲ್ಲಿ ಬಂತು. ನಾಟಕವಾಡಿ ರೆಫರಿಯನ್ನು ಮೋಸ ಮಾಡಿದರೆ ಹಳದಿ ಕಾರ್ಡ್. ಬದಲಿ ಆಟಗಾರ ಬಂದಾಗ, ಹೊರಹೋಗುವವನು ಹತ್ತಿರದ ಗೆರೆಯಿಂದಲೇ ಹೋಗಬೇಕೆಂದು 2019ರಲ್ಲಿ ಹೇಳಿದರು. 2022ರ ಕತಾರ್ ವಿಶ್ವಕಪ್‌ನಲ್ಲಿ ಪೋಲಾದ ಹೊತ್ತನ್ನೆಲ್ಲ ಲೆಕ್ಕ ಹಾಕಿ ಕೊನೆಗೆ ಸೇರಿಸಿದರು. 2025ರಿಂದ ಗೋಲ್‌ಕೀಪರ್ 8 ಸೆಕೆಂಡಿಗಿಂತ ಹೆಚ್ಚು ಚೆಂಡು ಕೈಯಲ್ಲಿಟ್ಟುಕೊಂಡರೆ ಎದುರಾಳಿಗೆ ಕಾರ್ನರ್ ಕಿಕ್. ಮೊದಲು 6 ಸೆಕೆಂಡ್ ಅಂತ ಇತ್ತು, ಆದರೆ ಶಿಕ್ಷೆ ಕೊಡುವವರೇ ಅಪರೂಪ. ಈಗ ರೆಫರಿ ಕೈ ಎತ್ತಿ ಕೊನೆಯ 5 ಸೆಕೆಂಡ್ ಎಣಿಸಿ ತೋರಿಸುತ್ತಾರೆ.

ಇವೆಲ್ಲದರ ಗುಟ್ಟು ಒಂದೇ: ಹೊತ್ತು ಕಳೆದರೆ ಲಾಭವಿಲ್ಲ ಅಂತ ಮಾಡುವುದು. ಲಾಭವಿಲ್ಲದಿದ್ದರೆ ಯಾರು ತಾನೇ ಮಣ್ಣಲ್ಲಿ ಹೊರಳುತ್ತಾರೆ?

ಆದರೆ ನೋವಿನ ವಿಷಯ ಸೂಕ್ಷ್ಮ. 2021ರಲ್ಲಿ ಡೆನ್ಮಾರ್ಕ್‌ನ ಎರಿಕ್ಸನ್ ಮೈದಾನದಲ್ಲೇ ಹೃದಯ ನಿಂತು ಬಿದ್ದರು. ರೆಫರಿ ತಡಮಾಡದೆ ವೈದ್ಯರನ್ನು ಕರೆದರು, ಜೀವ ಉಳಿಯಿತು. "ಇವನದ್ದೂ ನಾಟಕ" ಅಂತ ಒಂದು ನಿಮಿಷ ಕಾದಿದ್ದರೆ?

ಆ ಸಂಜೆಯ ಬಳಿಕ ನಾವು ಮೂರು ಕಟ್ಟಳೆ ಮಾಡಿದೆವು. ಯಾರೇ ಬಿದ್ದರೂ ಆಟ ನಿಲ್ಲುತ್ತದೆ, ಗಡಿಯಾರವೂ ನಿಲ್ಲುತ್ತದೆ. ಆರೈಕೆ ಬೇಕು ಅಂದವನು ಎರಡು ನಿಮಿಷ ಹೊರಗೆ ಕೂರಬೇಕು. ತಲೆಗೆ, ಎದೆಗೆ ಪೆಟ್ಟಾದರೆ ಆ ದಿನ ಆಡುವಂತಿಲ್ಲ. ಬೀಳುವವರು ಕಮ್ಮಿಯಾದರು. ಬಿದ್ದವನ ಹತ್ತಿರ ಈಗ ಎದುರು ತಂಡದವರೇ ಮೊದಲು ಓಡುತ್ತಾರೆ.

ಊರಲ್ಲಿ ಟೂರ್ನಮೆಂಟ್ ಇಡುವ ಯುವಕರಿಗೂ ನಮ್ಮ ಮಾತು ಇಷ್ಟೇ. ಕಪ್ಪಿನ ಎತ್ತರ ನಿಶ್ಚಯಿಸುವ ಮೊದಲು ಈ ಕಟ್ಟಳೆ ನಿಶ್ಚಯಿಸಿ. ಮನೆಯಲ್ಲಿ ಮ್ಯಾಚ್ ನೋಡುವಾಗ ನಮ್ಮ ತಂಡದವನೇ ಸುಳ್ಳು ಬಿದ್ದರೂ ಮಕ್ಕಳೆದುರು "ಭಾರೀ ಉಷಾರಿ" ಅಂತ ನಗಬೇಡಿ. ಸುಳ್ಳು ನೋವಿನ ಸಾಲವನ್ನು ಕೊನೆಗೆ ತೀರಿಸುವವನು ನಿಜಕ್ಕೂ ಪೆಟ್ಟು ತಿಂದವನು. ಅವನು ನಿಮ್ಮ ಮನೆಯ ಮಗುವೂ ಆಗಿರಬಹುದು.