ಚಳ್ಳಕೆರೆ: ರಾಟೆಯ ಮೇಲೆ ನಿಂತ ಕಂಬಳಿ ಸೀಮೆ

ಚಿತ್ರದುರ್ಗ ಬಿಟ್ಟು ಬಳ್ಳಾರಿ ದಿಕ್ಕಿಗೆ ಸುಮಾರು 30 ಕಿಲೋಮೀಟರ್ ಸಾಗಿದರೆ ಚಳ್ಳಕೆರೆ. ಶೇಂಗಾ ವ್ಯಾಪಾರ, ಸಾಲುಸಾಲು ಎಣ್ಣೆ ಮಿಲ್ಲುಗಳಿಂದಾಗಿ ‘ಎಣ್ಣೆ ನಗರಿ’ ಎಂದು ಹೆಸರಾದ ಊರು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳಲ್ಲಿ ಇದೂ ಒಂದು. ವೇದಾವತಿ ಈ ಸೀಮೆಯ ನದಿ; ವರ್ಷದ ಬಹುಪಾಲು ಅದರಲ್ಲಿ ಕಾಣುವುದು ಮರಳು. ಇಂಥ ನೆಲದಲ್ಲಿ ಬೇಸಾಯವನ್ನಷ್ಟೇ ನಂಬಿ ಕೂತವರು ಉಳಿಯುವುದು ಕಷ್ಟ. ಕುರಿ ಸಾಕಿದವರು ಉಳಿದರು. ಕುರಿಯ ಜೊತೆಗೆ ಉಣ್ಣೆ ಬಂತು, ಉಣ್ಣೆಯ ಜೊತೆಗೆ ರಾಟೆ ಬಂತು. ‘ಚಳ್ಳಕೆರೆ ಕಂಬಳಿ’ ಎಂದರೆ ಕನ್ನಡ ನಾಡಿನ ಯಾವ ಮೂಲೆಯಲ್ಲೂ ಬೇರೆ ವಿವರಣೆ ಬೇಕಾಗದ ಕಾಲವೊಂದಿತ್ತು.

ಕಂಬಳಿಯ ಬಗ್ಗೆ ಬರೆಯುವವರೆಲ್ಲ ಮಗ್ಗದಿಂದ ಶುರುಮಾಡುತ್ತಾರೆ. ನೇಕಾರ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತು ಲಾಳಿ ಎಸೆಯುವ ಚಿತ್ರ ಪತ್ರಿಕೆಗೂ ಒಪ್ಪುತ್ತದೆ. ಆದರೆ ಈ ಸೀಮೆಯ ಕಸುಬು ನಿಂತಿರುವುದು ಅದಕ್ಕೂ ಹಿಂದಿನ ಕೆಲಸದ ಮೇಲೆ, ಅಂದರೆ ಮನೆಯ ಪಡಸಾಲೆಯಲ್ಲಿ ಕೂತು ನೂಲುವ ಹೆಂಗಸರ ಮೇಲೆ. ಕೈನೂಲು ನಿಧಾನದ ಕೆಲಸ. ಒಂದು ಮಗ್ಗ ಬಿಡುವಿಲ್ಲದೆ ಆಡಬೇಕಾದರೆ ಹಲವು ರಾಟೆಗಳು ತಿರುಗುತ್ತಿರಬೇಕು. ಅಜ್ಜಿ, ಸೊಸೆ, ಓರಗಿತ್ತಿ ಎಲ್ಲರ ಬಿಡುವಿನ ಹೊತ್ತೂ ಸೇರಿದರೇನೇ ಒಂದು ಕಂಬಳಿಗೆ ಸಾಕಾಗುವಷ್ಟು ನೂಲು.

ಇಲ್ಲಿನ ಉಣ್ಣೆ ಎಂಥದು ಎಂದು ತಿಳಿಯದೆ ಇಲ್ಲಿನ ನೂಲು ಅರ್ಥವಾಗುವುದಿಲ್ಲ. ಬಯಲುಸೀಮೆಯ ದಖ್ಖನಿ, ಬಳ್ಳಾರಿ ತಳಿಯ ಕುರಿಗಳು ಬಿಸಿಲಲ್ಲಿ ಬೇಯುತ್ತ, ಮುಳ್ಳುಕಂಟಿಯ ನಡುವೆ ಮೇಯುತ್ತ, ದಿನವೂ ಮೈಲಿಗಟ್ಟಲೆ ನಡೆಯುವಂಥವು. ಅವುಗಳ ಉಣ್ಣೆ ಒರಟು. ಸ್ವೆಟರಿಗೆ ಹೆಸರಾದ ಮೆರಿನೊ ಕುರಿಯ ಎಳೆ 24 ಮೈಕ್ರಾನಿಗಿಂತ ಸಣ್ಣದು; ದಖ್ಖನಿಯದು ಸುಮಾರು ಅದರ ಎರಡು ಪಟ್ಟು ದಪ್ಪ. ಉಣ್ಣೆಯ ನಡುವೆ ಗಡಸು ಕೂದಲೂ ಬೆರೆತಿರುತ್ತದೆ. ಗಿರಣಿಯವರಿಗೆ ಇದು ಬೇಡದ ಮಾಲು. ಕೈಯಲ್ಲಿ ನೂಲುವವರಿಗೆ ಈ ಒರಟುತನವೇ ಬೇಕು, ಕಂಬಳಿಗೆ ಗಟ್ಟಿತನ ಬರುವುದೇ ಅದರಿಂದ. ಬಣ್ಣದ ಹಂಗೂ ಇಲ್ಲ. ಕರಿ, ಬಿಳಿ, ಬೂದು, ಕಂದು ಎಲ್ಲವನ್ನೂ ಕುರಿಯೇ ಕೊಡುತ್ತದೆ.

ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸುತ್ತಾರೆ. ಅದಕ್ಕೆ ಮೊದಲು ಮಂದೆಯನ್ನು ಕೆರೆಗೋ ಹಳ್ಳಕ್ಕೋ ಇಳಿಸಿ ಮೈ ತೊಳೆಯುತ್ತಾರೆ. ಕತ್ತರಿ ಹಿಡಿದವನು ಕುರಿಯ ಕಾಲು ಕಟ್ಟಿ ಮಲಗಿಸಿ, ಚರ್ಮಕ್ಕೆ ಗಾಯವಾಗದಂತೆ ಬುಡದಿಂದ ಕತ್ತರಿಸಬೇಕು. ಎಡವಟ್ಟಾಗಿ ಒಂದೇ ಜಾಗದಲ್ಲಿ ಎರಡು ಸಲ ಕತ್ತರಿ ಆಡಿದರೆ ಎಳೆ ತುಂಡಾಗುತ್ತದೆ. ತುಂಡು ಎಳೆಯಿಂದ ಒಳ್ಳೆಯ ನೂಲು ಬರುವುದಿಲ್ಲ. ಮರಿಯ ಮೊದಲ ಕತ್ತರಿಯ ಉಣ್ಣೆಗೆ ಬೇರೆಯೇ ಮರ್ಯಾದೆ. ಅದು ಮೆದು, ಅದನ್ನು ಬೇರೆ ಇಟ್ಟು ನೂತರೆ ನಯವಾದ ಕಂಬಳಿ.

ಕತ್ತರಿಸಿದ ಉಣ್ಣೆಯಲ್ಲಿ ಮುಳ್ಳು, ಹುಲ್ಲಿನ ಚೂರು, ಹಿಕ್ಕೆ ಎಲ್ಲವೂ ಇರುತ್ತವೆ. ಬಿಸಿಲಿಗೆ ಹರವಿ, ಕೋಲಿನಿಂದ ಬಡಿದು, ಬೆರಳಿನಿಂದ ಒಂದೊಂದೇ ಕಸ ಆಯಬೇಕು. ಆಮೇಲೆ ಹಿಂಜುವುದು. ಹಿಂದೆಲ್ಲ ಕಮಾನಿನ ನಾರಿಗೆ ಉಣ್ಣೆ ತಾಗಿಸಿ ಮೀಟಿ ಮೀಟಿ ಬಿಡಿಸುತ್ತಿದ್ದರು. ಈಗ ಬಹುತೇಕ ಕಡೆ ಈ ಕೆಲಸ ಯಂತ್ರದ ಪಾಲಾಗಿದೆ. ಅದಕ್ಕಾಗಿ ನನಗೆ ದುಃಖವಿಲ್ಲ. ಹಿಂಜುವಾಗ ಏಳುವ ಧೂಳನ್ನು ಎದೆಗೆ ತುಂಬಿಕೊಂಡು ಕೆಮ್ಮುತ್ತಿದ್ದವರೂ ಈ ಕಸುಬಿನ ಜನವೇ. ಹಿಂಜಿದ ಉಣ್ಣೆಯನ್ನು ಸುರುಳಿ ಮಾಡಿದರೆ ಹಂಜಿ. ಅಲ್ಲಿಂದ ಮುಂದೆ ರಾಟೆಯ ಕೆಲಸ.

ರಾಟೆ ನೋಡಲು ಏನೇನೂ ಅಲ್ಲ. ಮರದ ಚಕ್ರ, ಅದಕ್ಕೊಂದು ಹಿಡಿಕೆ, ಚಕ್ರದಿಂದ ಕದರಿಗೆ ಒಂದು ದಾರ. ಕದರು ಎಂದರೆ ತುದಿ ಚೂಪಾದ ಕಬ್ಬಿಣದ ಕಡ್ಡಿ. ದೊಡ್ಡ ಚಕ್ರ ಒಂದು ಸುತ್ತು ಹಾಕುವುದರೊಳಗೆ ಸಣ್ಣ ಕದರು ಹತ್ತಾರು ಸುತ್ತು ತಿರುಗಿರುತ್ತದೆ. ಬಲಗೈ ಹಿಡಿಕೆ ತಿರುವುತ್ತದೆ, ಎಡಗೈ ಹಂಜಿ ಹಿಡಿದು ನಿಧಾನ ಹಿಂದಕ್ಕೆ ಸರಿಯುತ್ತದೆ. ಕದರಿನ ತುದಿಯಿಂದ ಜಾರಿ ಜಾರಿ ಎಳೆಗೆ ಹುರಿ ಏರುತ್ತದೆ. ಕೈ ಚಾಚುವಷ್ಟು ಉದ್ದ ಬಂದ ಮೇಲೆ ಚಕ್ರವನ್ನು ಕೊಂಚ ಹಿಂದೆ ತಿರುಗಿಸಿ, ಎಳೆಯನ್ನು ಕದರಿಗೆ ಸುತ್ತಿ, ಮತ್ತೆ ಮೊದಲಿನಿಂದ ಎಳೆಯುವುದು. ಹೀಗೆ ಸುತ್ತುತ್ತ ಹೋಗಿ ಕದರಿನ ಮೇಲೆ ಕುಕ್ಕಡಿ ತುಂಬುತ್ತದೆ.

ಹೇಳುವುದಕ್ಕೆ ಇಷ್ಟೇ. ಮಾಡುವಾಗ ಎಲ್ಲವೂ ಎಡಗೈಯ ಹೆಬ್ಬೆರಳು ತೋರುಬೆರಳಿನ ನಡುವೆ ನಡೆಯುತ್ತದೆ. ಉಣ್ಣೆಯ ಎಳೆಯ ಮೈಮೇಲೆ ಮೀನಿನ ಪೊರೆಯ ಹಾಗೆ ಸಣ್ಣ ಹುರುಪೆಗಳಿರುತ್ತವೆ. ಹುರಿ ಬಿದ್ದಾಗ ಅವು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಕಚ್ಚುವ ಮೊದಲೇ ಕೈ ಎಳೆದರೆ ನೂಲು ಹರಿಯುತ್ತದೆ, ತಡವಾದರೆ ಗಂಟು ಕಟ್ಟುತ್ತದೆ. ಬೆರಳಿಗೆ ಆ ಹೊತ್ತು ಗೊತ್ತಾಗಬೇಕು. ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ ಹಾಸಿನ ನೂಲಿಗೆ ಹುರಿ ಹೆಚ್ಚು, ಮಗ್ಗದ ಎಳೆತ ತಡೆಯಬೇಕಲ್ಲ. ಅಡ್ಡಲಾಗಿ ಹಾಯುವ ಹೊಕ್ಕಿನ ನೂಲಿಗೆ ಹುರಿ ಕಡಿಮೆ. ಅದು ಸಡಿಲವಿದ್ದರೆ ನಡುವೆ ಗಾಳಿ ನಿಲ್ಲುತ್ತದೆ, ಗಾಳಿ ನಿಂತರೆ ಬೆಚ್ಚಗೆ. ಅಳತೆಗೋಲಿಲ್ಲದೆ, ಬರೀ ಬೆರಳಿನ ಅಂದಾಜಿನಲ್ಲಿ ಎರಡು ಬಗೆಯ ನೂಲನ್ನು ದಿನವಿಡೀ ಒಂದೇ ಸಮ ತೆಗೆಯುವುದನ್ನು ನಾನು ದೊಡ್ಡ ವಿದ್ಯೆ ಎಂದೇ ಕರೆಯುತ್ತೇನೆ. ಹತ್ತಿಯ ರಾಟೆಗೆ ಸ್ವಾತಂತ್ರ್ಯ ಚಳವಳಿ ಗೌರವ ತಂದುಕೊಟ್ಟಿತು. ಉಣ್ಣೆಯ ರಾಟೆಗೆ ಆ ಭಾಗ್ಯ ಬರಲಿಲ್ಲ.

ಗಂಡಸರ ಕೈಯಲ್ಲಿರುವುದು ತಕಲಿ. ಕುರಿ ಮೇಯಿಸುತ್ತ ನಡೆಯುವವನು ತೋಳಿಗೆ ಉಣ್ಣೆ ಸುತ್ತಿಕೊಂಡು, ತಕಲಿಯನ್ನು ತಿರುವಿ ಬಿಟ್ಟು, ಅದು ಗಾಳಿಯಲ್ಲಿ ತಿರುಗುತ್ತಿರುವಾಗಲೇ ಎಳೆ ಬಿಡುತ್ತ ಹೋಗುತ್ತಾನೆ. ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕಾಗಿ ಮಂದೆ ತರುಬುತ್ತ ಊರೂರು ಸುತ್ತುವವರಿಗೆ ರಾಟೆ ಹೊತ್ತು ತಿರುಗಲಾಗುವುದಿಲ್ಲ. ತಕಲಿ ಸೊಂಟಕ್ಕೆ ಸಿಕ್ಕಿಸಿಕೊಂಡರೆ ಆಯಿತು.

ನೂಲು ಮನೆಯಿಂದ ಬೀದಿಗೆ ಬರುವುದು ಹಾಸು ಕಟ್ಟುವಾಗ. ಹುಣಸೆ ಬೀಜ ನೆನೆಸಿ, ರುಬ್ಬಿ, ಕುದಿಸಿದ ಸರಿಯನ್ನು ಕುಂಚದಿಂದ ಎಳೆಗಳಿಗೆ ಬಳಿದು ಬಿಸಿಲಿಗೆ ಒಣಗಿಸುತ್ತಾರೆ. ಆಮೇಲೆ ಗುಂಡಿಮಗ್ಗ. ಹುಣಸೆಯ ಸರಿ ಕುಡಿದ ಹೊಸ ಕಂಬಳಿ ಬಿರುಸಾಗಿರುತ್ತದೆ. ಕೊಪ್ಪೆ ಹಾಕಿಕೊಂಡು ನಿಂತರೆ ಮಳೆಯ ಹನಿ ಮೇಲೆ ಜಾರಿಹೋಗುತ್ತದೆ. ಉಣ್ಣೆ ತನ್ನ ತೂಕದ ಸುಮಾರು ಶೇ 30ರಷ್ಟು ತೇವ ಹೀರಿಯೂ ಮೈಗೆ ಒದ್ದೆ ಅನ್ನಿಸುವುದಿಲ್ಲ. ಬೆಂಕಿಯ ಕಿಡಿ ಬಿದ್ದರೆ ಕರಕಲಾಗುತ್ತದೆಯೇ ಹೊರತು ಧಗ್ಗನೆ ಹೊತ್ತಿಕೊಳ್ಳುವುದಿಲ್ಲ. ಬಯಲಲ್ಲಿ ಬೆಂಕಿ ಹಾಕಿಕೊಂಡು ಮಲಗುವ ಕುರಿಗಾಹಿಗೆ ಇದಕ್ಕಿಂತ ತಕ್ಕ ಹೊದಿಕೆ ಇನ್ನೂ ಹುಟ್ಟಿಲ್ಲ.

ಕುರಿ ಸಾಕುವ ಹಾಲುಮತದವರಿಗೆ ಕಂಬಳಿ ಬರೀ ಹೊದಿಕೆಯೂ ಅಲ್ಲ. ಮದುವೆಯಲ್ಲಿ, ನ್ಯಾಯ ಪಂಚಾಯ್ತಿಯಲ್ಲಿ, ಕುಲದೇವರು ಬೀರಪ್ಪನ ಪೂಜೆಯಲ್ಲಿ ಕರಿ ಕಂಬಳಿ ಹಾಸಿ ಗದ್ದಿಗೆ ಮಾಡುತ್ತಾರೆ. ಮೈಲಾರಲಿಂಗನ ಭಕ್ತರಾದ ಗೊರವರ ಮೈಮೇಲಿನ ನಿಲುವಂಗಿಯೂ ಕರಿ ಕಂಬಳಿಯದೇ. ಇಂಥ ಕಡೆ ಅಕ್ರಿಲಿಕ್ ಹೊದಿಕೆ ನಡೆಯುವುದಿಲ್ಲ. ಕೈನೂಲು ಇನ್ನೂ ಉಸಿರಾಡುತ್ತಿರುವುದಕ್ಕೆ ಸರ್ಕಾರಿ ಯೋಜನೆಗಳಿಗಿಂತ ಈ ನಂಬಿಕೆಯೇ ಹೆಚ್ಚಿನ ಕಾರಣ ಎನ್ನುವುದು ನನ್ನ ಎಣಿಕೆ.

ಹೊಡೆತ ಎರಡು ಕಡೆಯಿಂದ ಬಿದ್ದಿದೆ. ಒಂದು ಹುಲ್ಲಿನಿಂದ. ಚಳ್ಳಕೆರೆಯ ಸುತ್ತಲಿನ ಅಮೃತಮಹಲ್ ಕಾವಲುಗಳು ಮೈಸೂರು ಅರಸರ ಕಾಲದಿಂದಲೂ ಹುಲ್ಲುಗಾವಲು. ಊರಿನ ದನಕುರಿಗಳಿಗೆ ಅವೇ ಆಸರೆಯಾಗಿದ್ದವು. ಕುದಾಪುರ, ವರವು ಕಾವಲು, ದೊಡ್ಡ ಉಳ್ಳಾರ್ತಿ ಮುಂತಾದ ಕಡೆ ಸುಮಾರು 10 ಸಾವಿರ ಎಕರೆ ನೆಲವನ್ನು 2007ರಿಂದ ಈಚೆಗೆ ರಕ್ಷಣೆ, ಬಾಹ್ಯಾಕಾಶ, ಅಣುಶಕ್ತಿ, ವಿಜ್ಞಾನ ಸಂಸ್ಥೆಗಳಿಗೂ ಇತರ ಯೋಜನೆಗಳಿಗೂ ಕೊಡಲಾಯಿತು. ಜನ ಬೀದಿಗಿಳಿದರು, ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಆ ಸಂಸ್ಥೆಗಳ ವಿಜ್ಞಾನ ನಗರಿ ಬೇಡ ಎಂದು ನಾನು ಹೇಳುತ್ತಿಲ್ಲ. ಕಾವಲಿನ ಸುತ್ತ ಗೋಡೆ ಎದ್ದ ದಿನವೇ ಆ ಹುಲ್ಲಿನ ಮೇಲಿದ್ದ ಒಂದು ಕಸುಬಿನ ಬಾಬ್ತನ್ನೂ ಲೆಕ್ಕಕ್ಕೆ ಹಿಡಿಯಬೇಕಿತ್ತು, ಯಾರೂ ಹಿಡಿಯಲಿಲ್ಲ ಎನ್ನುವುದೇ ನನ್ನ ತಕರಾರು.

ಇನ್ನೊಂದು ಹೊಡೆತ ಸಂತೆಯಿಂದ. ಚಿಂದಿ ಬಟ್ಟೆ ಪುಡಿಮಾಡಿ ಮತ್ತೆ ನೂಲು ತೆಗೆಯುವ ಪಾಣಿಪತ್ತಿನ ಗಿರಣಿಗಳ ಅಗ್ಗದ ಹೊದಿಕೆಗಳು ಎಲ್ಲ ಊರಿನ ಅಂಗಡಿಗೂ ಬಂದಿವೆ. ಅವುಗಳ ಬೆಲೆಗೆ ಕೈನೂಲಿನ ಕಂಬಳಿ ಕೊಡಲು ಸಾಧ್ಯವೇ ಇಲ್ಲ. ಕುರಿ ಸಾಕುವವರ ಲೆಕ್ಕವೂ ಬದಲಾಗಿದೆ. 2019ರ ಜಾನುವಾರು ಗಣತಿಯಂತೆ ರಾಜ್ಯದಲ್ಲಿ 1.1 ಕೋಟಿ ಕುರಿಗಳಿವೆ. ಕುರಿ ಕಡಿಮೆಯಾಗಿಲ್ಲ, ಉಣ್ಣೆಗೆ ಬೆಲೆ ಇಲ್ಲ. ಮಾಂಸಕ್ಕೆ ಬೇಡಿಕೆ ಏರಿದ ಮೇಲೆ ಬೇಗ ಬೆಳೆಯುವ, ಮೈಮೇಲೆ ಉಣ್ಣೆಯಿಲ್ಲದ ತಳಿಯ ಟಗರುಗಳನ್ನು ಮಂದೆಗೆ ಬಿಡುತ್ತಾರೆ. ಹುಟ್ಟುವ ಮರಿಗೆ ನೂಲಲು ಬರುವಂಥ ಉಣ್ಣೆಯೇ ಇರುವುದಿಲ್ಲ. ಇದ್ದ ಉಣ್ಣೆಯನ್ನೂ ಕತ್ತರಿಸಿ ಬೇಲಿಬದಿಗೆ ಎಸೆಯುವುದುಂಟು.

ಇದರ ನಡುವೆ ಅತಿ ಕಡಿಮೆ ಕೂಲಿ ಸಿಗುವುದು ನೂಲುವವಳಿಗೇ. ಕಂಬಳಿಗೆ ಒಳ್ಳೆಯ ಬೆಲೆ ಬಂದರೂ ನೇಯ್ಗೆಯವರಿಗೆ, ಮಾರುವವರಿಗೆ ಹಂಚಿ ಉಳಿದದ್ದು ಅವಳ ಪಾಲು. ಹೊಲದ ಕೂಲಿಗೆ ಹೋದರೆ ಇದಕ್ಕಿಂತ ಹೆಚ್ಚು ಸಿಗುತ್ತದೆ ಎಂದಾಗ ಹೊಸ ಸೊಸೆಯಂದಿರು ರಾಟೆಯ ಮುಂದೆ ಕೂರದೇ ಇರುವುದು ಸಹಜ. ಪಕ್ಕದ ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ, ಕೊಳ್ಳುವವರಿಗೆ ಅದರ ಬೆಲೆಯ ಬಗ್ಗೆ ತಕರಾರಿಲ್ಲ. ಕಂಬಳಿಯ ಮುಂದೆ ಮಾತ್ರ ನಾವು ಚೌಕಾಸಿಗೆ ನಿಲ್ಲುತ್ತೇವೆ.

ಚಳ್ಳಕೆರೆಗೆ ಹೋದವರು ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಇದು ಕೈನೂಲೋ, ಗಿರಣಿ ನೂಲೋ? ಕೈನೂಲಿನ ಕಂಬಳಿಯ ಎಳೆ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ, ಮುಟ್ಟಿದರೆ ಚುಚ್ಚುತ್ತದೆ, ಮೂಗಿಗೆ ಹಿಡಿದರೆ ಕುರಿಯ ವಾಸನೆ ಬರುತ್ತದೆ. ಉಣ್ಣೆಯೇ ಹೌದೇ ಎಂದು ತಿಳಿಯಲು ಅಂಚಿನ ಒಂದು ಎಳೆ ಕಿತ್ತು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಉಣ್ಣೆ, ಕರಗಿ ಗಟ್ಟಿ ಗುಂಡಾದರೆ ಅಲ್ಲ. ಉಣ್ಣೆಯ ಕೈನೂಲು ಎಂದು ಖಾತ್ರಿಯಾದ ಮೇಲೆ ಚೌಕಾಸಿ ಮಾಡದೆ ಹೇಳಿದ ಬೆಲೆ ಕೊಟ್ಟು ಕೊಳ್ಳಿ.